ಮುದುಕಮ್ಮನ ನಲವತ್ತು ಹೆಜ್ಜೆ

ನನ್ನಜ್ಜಿ ಮುದುಕಮ್ಮ ಹುಟ್ಟಿದ್ದು ಮಸ್ಕಿಯ ಗುಡ್ಡದ ಬುಡದಲ್ಲಿ. ಮದುವೆಯಾಗಿ ಮುಕ್ಕುಂದಕ್ಕೆ ಬರುವತನಕ ಹೊಳೆಯನ್ನೇ ಕಂಡವಳಲ್ಲ. ಬಂದ ಮೇಲೂ ಕೊಡ ತುಂಬುವಷ್ಟೇ ಸಲಿಗೆ. ಒಬ್ಬಳೇ ಮಗಳು ಜಂಬಮ್ಮನನ್ನು, ಅಂದರೆ ನನ್ನವ್ವನನ್ನು, ಆಚೆ ದಂಡೆಗೆ ಕೊಟ್ಟಾಗ ದಿಬ್ಬಣವೆಲ್ಲ ಹರಗೋಲು ಹತ್ತಿತು. ಹೆತ್ತವಳು ಮಾತ್ರ ಈಚೆ ದಂಡೆಯಲ್ಲೇ ಅಳುತ್ತಾ ನಿಂತಳು. ಈಚೆ ದಂಡೆ ನಿಜಾಮರದು, ಆಚೆಯದು ಇಂಗ್ರೇಜರದು. ಅಜ್ಜಿಗೆ ಯಾವ ಸರಕಾರದ ಹೆದರಿಕೆಯೂ ಇರಲಿಲ್ಲ, ನೀರಿನದೇ ಇತ್ತು.

ದೀಪಾವಳಿ ಮುಗಿದ ಮೇಲೆ ಅವ್ವನ ಅತ್ತೆ ತಿಮ್ಮವ್ವ ಹೇಳಿಕಳಿಸಿದಳು: ಸೊಸೆಗೆ ಐದು ತಿಂಗಳು. ಏಳರಲ್ಲಿ ಹೆತ್ತವಳೇ ಸೀಮಂತಕ್ಕೆ ಕುಬಸದ ಸೀರೆ ತಂದು ಕರೆದೊಯ್ದರೆ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುತ್ತೇವೆ, ಇಲ್ಲದಿದ್ದರೆ ಹೆರಿಗೆ ಇಲ್ಲೇ. ಆ ಹೊಟ್ಟೆಯಲ್ಲಿದ್ದವನು ನಾನು.

ಅಜ್ಜಿ ತಾನೇ ಒಂದು ಉಪಾಯ ಹೂಡಿದಳು. ದಿನಾ ನಸುಕಿನಲ್ಲಿ ನೀರಿಗೆ ಹೋದಾಗ ಕೊಡ ದಂಡೆಯ ಮೇಲಿಟ್ಟು, ನಿನ್ನೆಗಿಂತ ಒಂದು ಹೆಜ್ಜೆ ಮುಂದೆ ಹೊಳೆಯಲ್ಲಿ ನಿಲ್ಲುವುದು. ಮೊದಲ ದಿನ ಒಂದೇ ಹೆಜ್ಜೆಗೆ ಹಲ್ಲು ಕಟಕಟ ಎಂದವಂತೆ. ಓಣಿಯವರು ನಕ್ಕರು. ಆಕೆ ಬಿಡಲಿಲ್ಲ. ಹಟದಲ್ಲಿ ನಮ್ಮ ಮನೆತನದವರು ಯಾರೂ ಕಡಿಮೆಯಿಲ್ಲ. ನಲವತ್ತನೆಯ ದಿನ, ನಲವತ್ತನೆಯ ಹೆಜ್ಜೆಯಲ್ಲಿ ನಿಂತಾಗಲೂ ನೀರು ಮೊಣಕಾಲಿಗೇ ಇತ್ತು. ಅಜ್ಜಿಗೆ ಹಿಗ್ಗೋ ಹಿಗ್ಗು. ಹರಗೋಲಿನ ಜಿಲಾನಿಸಾಬನನ್ನು ಕರೆದು ತೋರಿಸಿದಳು.

"ಮುದುಕಮ್ಮಕ್ಕ, ಮಳಿ ನಿಂತು ಎರಡು ತಿಂಗಳಾತು. ಹೊಳಿ ದಿನಾ ಇಳಿಯಾಕತ್ತೈತಿ," ಎಂದ ಆತ. "ನೀ ಮುಂದ ಹೋದಂಗ ನೀರು ಹಿಂದ ಸರದೈತಿ. ಆಚಿ ದಂಡಿ ಹತ್ರ ಮಡು ಮಾತ್ರ ಎರಡಾಳು ಹಂಗಾ ಐತಿ."

ಅಜ್ಜಿಗೆ ತಲೆ ಕೆಟ್ಟುಹೋಯಿತು. ಬೆಳೆದದ್ದು ತನ್ನ ಧೈರ್ಯವೋ, ಇಳಿದದ್ದು ಬರೀ ಹೊಳೆಯೋ? ಎರಡೂ ಆಗಿದ್ದರೆ ಯಾವುದು ಎಷ್ಟು? ಅಂದು ರೊಟ್ಟಿ ತಟ್ಟಿದವಳು ಉಣ್ಣುವುದನ್ನೇ ಮರೆತಳು. ಇನ್ನು ಹೋಗಲೇಬಾರದು ಎಂದುಕೊಂಡು ಮಲಗಿದಳು. ಮರುದಿನ ನಸುಕಿನಲ್ಲಿ ನೋಡಿಕೊಂಡರೆ ದಂಡೆಯಲ್ಲೇ ನಿಂತಿದ್ದಳು. ರೂಢಿ ಬಿದ್ದ ಕಾಲು ಆಕೆಯನ್ನು ಕೇಳದೆಯೇ ಬಂದಿತ್ತು.

ಜಿಲಾನಿಸಾಬ ಹರಗೋಲು ಬಿಚ್ಚುತ್ತಿದ್ದ. "ತಡಿ ಅಣ್ಣ, ನಾನೂ ಬರ್ತೀನಿ," ಎಂದವಳು ಹತ್ತಿ ಕೂತೇಬಿಟ್ಟಳು. ಸೀರೆಯಿಲ್ಲ, ಬುತ್ತಿಯಿಲ್ಲ, ಕಂಕುಳಲ್ಲಿ ಖಾಲಿ ಕೊಡ. ಯಾಕೆ ಹತ್ತಿದೆ ಎಂದು ನಾನು ಎಷ್ಟು ಸಲ ಕೇಳಿದರೂ "ಗೊತ್ತಿಲ್ಲ ಬಿಡಪ್ಪ" ಎನ್ನುತ್ತಿದ್ದಳು. ಮಡು ದಾಟುವತನಕ ಕಣ್ಣು ಬಿಡಲಿಲ್ಲವಂತೆ.

ತಿಮ್ಮವ್ವ ಅಂಗಳದ ಕಸ ಹೊಡೆಯುತ್ತಿದ್ದಳು. ಕೊಡ ಹಿಡಿದು ನಿಂತ ಬೀಗತಿಯನ್ನು ಕಂಡು ಆಕೆಗೂ ಏನೂ ಅರ್ಥವಾಗಲಿಲ್ಲ.

"ಕುಬಸಕ್ಕ ಬರೇ ಕೈಲೆ ಬಂದೀರಲ್ರಿ, ಬೀಗ್ತಿ."

"ಬಂದೀನಲ್ರಿ," ಎಂದಳು ಅಜ್ಜಿ.

ತಿಮ್ಮವ್ವ ಕಸಬರಿಗೆ ಕೆಳಗಿಟ್ಟು ಆ ಖಾಲಿ ಕೊಡವನ್ನು ನೋಡಿದಳು. ಮಗಳ ಮದುವೆಗೂ ಹೊಳೆ ದಾಟದ ಹೆಂಗಸು. "ಜಂಬಮ್ಮ, ಸೀರಿ ಗಂಟು ಕಟ್ಟು. ನಿಮ್ಮವ್ವ ಬಂದಾಳ," ಎಂದು ಒಳಗೆ ಕೂಗಿದಳು.

ಮರಳಿ ಹರಗೋಲಿನ ಹತ್ತಿರ ಬಂದಾಗ ಅಜ್ಜಿಯ ಕಾಲು ಮತ್ತೆ ಏಳಲೊಲ್ಲದು. ಬಸುರಿ ಅವ್ವ ತಾನು ಮೊದಲು ಹತ್ತಿ, ಕೈ ಚಾಚಿ ಆಕೆಯನ್ನು ಎಳೆದುಕೊಂಡಳು. ಅಂದು ಯಾರು ಯಾರನ್ನು ಕರೆತಂದರೆಂದು ತಾಯಿ ಮಗಳು ಕೊನೆತನಕ ಜಗಳಾಡುತ್ತಲೇ ಇದ್ದರು.