ಸಾಹುಕಾರರು ಅಡವಿಯಲ್ಲಿಟ್ಟ ದಂಡು

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಕಸುಬು. ಸ್ವಾತಂತ್ರ್ಯ ಬಂದ ಮರುವರ್ಷ, ಮಳೆಗಾಲದ ಕೊನೆಗೆ, ಹುಬ್ಬಳ್ಳಿಯ ಹತ್ತಿ ಸಾಹುಕಾರರೊಬ್ಬರ ಪಡಸಾಲೆಯಲ್ಲಿ ಅವರ ಮಗಳ ಮದುವೆಯ ಗಾದಿಗಳನ್ನು ಮಾಡುತ್ತಿದ್ದೆವು. ಅಪ್ಪ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದ, ನಾನು ತುಂಬಿ ಹೊಲಿಯುತ್ತಿದ್ದೆ. ನನಗೂ ಮದುವೆಯ ವಯಸ್ಸು. ಈ ಬಾಯಿಗೆ ಯಾವ ಅತ್ತೆ ಸಿಗುತ್ತಾಳೋ ಎಂದು ಅವ್ವ ಬೈಯುತ್ತಿದ್ದಳು. ಆ ವಾರ ಆ ಬಾಯಿಯನ್ನು ಹೇಗೆ ಮುಚ್ಚಿಕೊಂಡಿದ್ದೆನೋ ದೇವರೇ ಬಲ್ಲ.

ಪಡಸಾಲೆಯ ರೇಡಿಯೋದಲ್ಲಿ ಒಂದೇ ಸುದ್ದಿ: ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿದೆ. ನನ್ನ ಅಣ್ಣ ಆ ಸಂಸ್ಥಾನದ ದಂಡಿನಲ್ಲಿ ಸಿಪಾಯಿ. ಅಪ್ಪನೊಡನೆ ಜಗಳಾಡಿ ರಾಯಚೂರಿಗೆ ಹೋದವನು ಹೊಟ್ಟೆಪಾಡಿಗೆ ಸೇರಿದ್ದ. ಓಣಿಯವರಿಗೆಲ್ಲ "ಜಿನ್ನಿಂಗ್ ಫ್ಯಾಕ್ಟರಿಯಾಗ ಅದಾನ" ಎಂದೇ ಹೇಳಿದ್ದೆವು. ಖರೇ ಸಂಗತಿ ಗೊತ್ತಾದರೆ ನಮ್ಮನ್ನು ಯಾರು ಪಡಸಾಲೆ ಹತ್ತಿಸುತ್ತಾರೆ?

ಬಿಲ್ಲು ಗುಂಯ್ ಎನ್ನುತ್ತಿದ್ದರೆ ರೇಡಿಯೋ ಕೇಳಿಸದು. ನಿಲ್ಲಿಸಿದರೆ ಸಾಹುಕಾರರು ತಿರುಗಿ, "ಯಾಕಪಾ, ಕೈ ನಿಂತತಲ್ಲ?" ಎನ್ನುವರು. "ತಂತಿ ಸಡ್ಲ ಆಗೇತ್ರಿ" ಎಂದು ಅಪ್ಪ ಪ್ರತಿಸಲವೂ ಅದೇ ಸುಳ್ಳು ಹೇಳುತ್ತಿದ್ದ. ಕೆಲಸ ಮುಗಿದರೆ ರೇಡಿಯೋ ಬಿಟ್ಟು ಏಳಬೇಕಾದೀತೆಂದು ಹಿಂಜಿದ ಹತ್ತಿಯನ್ನೇ ಮತ್ತೆ ಹಿಂಜುತ್ತಿದ್ದ. ಮನೆಯಲ್ಲಿ ಅವ್ವ ಊಟ ಬಿಟ್ಟಿದ್ದಳು, ಅಪ್ಪನೊಡನೆ ಮಾತನ್ನೂ ಬಿಟ್ಟಿದ್ದಳು.

ನಾಲ್ಕೈದು ದಿನಕ್ಕೆಲ್ಲ ಸಂಸ್ಥಾನ ಶರಣಾಯಿತು. ಸಾಹುಕಾರರು ಪೇಡೆ ಹಂಚಿದರು. ನಾನೂ ಒಂದು ಇಸಿದುಕೊಂಡು ಹತ್ತಿಯ ರಾಶಿಯಡಿಗೆ ಸರಿಸಿದೆ.

"ಅಷ್ಟು ದೊಡ್ಡ ಸಂಸ್ಥಾನ ಹಿಂಗ ಬೀಳ್ತೈತೇನ್ರಿ?" ಎಂದು ಅವರು ನೆರೆಮನೆಯ ಮಾಸ್ತರರನ್ನು ಕೇಳಿದರು. "ಇದರಾಗ ಏನೋ ಹಿಕಮತ್ತೈತಿ. ಮುಂದ ನಿಂದ್ರಿಸಿದ್ದು ಬರೇ ಹೊಟ್ಟು. ಖರೇ ದಂಡು ಕೃಷ್ಣಾ ಹೊಳಿ ಆಚೆ ಅಡವ್ಯಾಗ ಮುಚ್ಚಿಟ್ಟಾರ. ನಮ್ಮವರು ಪೂರಾ ಒಳಗ ಹೋಗ್ಲಿ, ಆಮ್ಯಾಲೆ ನೋಡ್ರಿ ಆಟ!"

ನಾನು ಆಗಷ್ಟೇ ಹೊಲಿದ ಗಾದಿಯ ಮೇಲೆ ಅಡಿಕೆ ಹರಡಿ ಕೋಟೆ, ಹೊಳೆ ಎಲ್ಲ ತೋರಿಸಿದರು. ಒಂದು ಹಿಡಿ ಅಡಿಕೆಯನ್ನು ಗಾದಿಯಡಿಗೆ ತಳ್ಳಿ, "ಇದು ದಂಡು" ಎಂದರು. ಜನ್ಮದಲ್ಲಿ ಕೃಷ್ಣೆ ದಾಟದ ಮನುಷ್ಯ! ಆದರೂ ನನ್ನ ಎದೆ ಹಗುರಾಯಿತು.

ಮನೆಗೆ ಬಂದು ಅವ್ವನಿಗೆ ಹೇಳಿದೆ.

"ಮುಚ್ಚಿಟ್ಟಾರ ಅಂದ್ರ ಬಡಿದಾಟ ಆಗಿಲ್ಲ, ಹೌದಿಲ್ಲ?" ಎಂದಳು. ಆ ದಿನ ಅರ್ಧ ರೊಟ್ಟಿ ತಿಂದಳು.

ಅಂದಿನಿಂದ ದಿನಾ ಸಂಜೆ ಅದೇ ಪ್ರಶ್ನೆ: "ದಂಡು ಹೊರಗ ಬಂತೇನ?" "ಇನ್ನೂ ಇಲ್ಲವ್ವಾ" ಎನ್ನುತ್ತಿದ್ದೆ. ಅತ್ತ ಕಡೆ ಕೂಲಿಗೆ ಹೋದವರು ಒಬ್ಬೊಬ್ಬರಾಗಿ ಊರಿಗೆ ಮರಳಿದರು. ಅಣ್ಣ ಬರಲಿಲ್ಲ. ಅವನನ್ನು ಕಂಡವರೂ ಯಾರೂ ಸಿಗಲಿಲ್ಲ. ಅಪ್ಪ ಯಾರನ್ನಾದರೂ ಕೇಳಲೂ ಹೆದರುತ್ತಿದ್ದ. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಊಟದ ಗಂಗಾಳ ಅವನ ಮುಂದೆ ಬಡಿದಿಡುತ್ತಿದ್ದೆ.

ದಸರೆ ಹೊತ್ತಿಗೆ ದಿಂಬುಗಳ ಕೆಲಸವಷ್ಟೇ ಉಳಿದಿತ್ತು. ಒಂದು ಮಧ್ಯಾಹ್ನ ಅವ್ವ ತಲೆಮೇಲೆ ಸೆರಗು ಹೊದ್ದು ತಾನೇ ಪಡಸಾಲೆಗೆ ಬಂದಳು. ಅದುವರೆಗೆ ಅವಳು ಆ ಮೆಟ್ಟಿಲು ಹತ್ತಿರಲಿಲ್ಲ.

"ಸಾಹುಕಾರ್ರ, ಆ ದಂಡು ಇನ್ನೂ ಹೊರಗ ಬಂದಿಲ್ಲೇನ್ರಿ?"

"ಯಾವ ದಂಡವ್ವಾ?" ಅವರು ನಕ್ಕರು. ಖರೇ ಅಂದರೆ ಅವರಿಗೆ ನೆನಪೇ ಇರಲಿಲ್ಲ.

"ಅಡವ್ಯಾಗ ಮುಚ್ಚಿಟ್ಟಾರ ಅಂತ ನೀವ ಹೇಳಿದ್ರೆಂತಲ್ರಿ. ನನ್ನ ಮಗ ಅದರಾಗ ಅದಾನ್ರಿ."

ಬಿಲ್ಲು ನಿಂತಿತು. ಯಾಕೆ ನಿಂತಿತೆಂದು ಈ ಸಲ ಸಾಹುಕಾರರು ಕೇಳಲಿಲ್ಲ. ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ಈಗ ಹೊರಗೆ ಹಾಕುತ್ತಾರೆಂದು ನಾನು ಸೂಜಿದಾರ ಸುತ್ತಿಡತೊಡಗಿದೆ.

"ಹೌದವ್ವಾ, ಅಲ್ಲೇ ಅದಾರ," ಎಂದರು ಅವರು. ಅಂದು ಗಾದಿಯ ಮೇಲೆ ಕೂತು ಗುಡುಗಿದ ದನಿ ಅದಲ್ಲ. "ಅಡವಿ ಭಾಳ ದೊಡ್ಡದೈತಿ. ಬರಾಕ ಹೊತ್ತು ಹಿಡೀತೈತಿ."

ಅವ್ವನ ಮುಖ ಅರಳಿತು.

"ಕೇಳಿದಿಲ್ಲ?" ಎಂದಳು ನನಗೆ. "ನಿಮ್ಮಪ್ಪಗೂ ಹೇಳು."

ಅಪ್ಪ ಅವಳ ಎದುರಿಗೇ ಕೂತಿದ್ದ.