ಎದುರು ಪಕ್ಷದ ಮೇಷ್ಟ್ರು

ಸದಾಶಿವ ಮೇಷ್ಟ್ರು ಯಾರ ಜೊತೆ ಜಗಳಕ್ಕೆ ನಿಂತರೂ ಮೊದಲು ಅವರ ಪರವಾಗಿಯೇ ಜಗಳವಾಡುತ್ತಿದ್ದರು. ನಂಜನಗೂಡಿನಲ್ಲಿ ಅವರ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದ ವಾರದಲ್ಲೇ ನನಗೆ ಇದರ ದರ್ಶನವಾಯಿತು. ಎದುರುಮನೆಯ ಮಹದೇವ ತನ್ನ ಟೆಂಪೋವನ್ನು ದಿನಾ ಮೇಷ್ಟ್ರ ಗೇಟಿಗೆ ಅಡ್ಡಲಾಗಿ ನಿಲ್ಲಿಸುತ್ತಿದ್ದ. ಒಂದು ಬೆಳಿಗ್ಗೆ ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಬೀದಿಗಿಳಿದರು. ನಾನು ಒಳ್ಳೆ ಜಗಳ ಕಾದಿದೆ ಅಂದುಕೊಂಡು ಬಟ್ಟೆ ಒಣಹಾಕುವುದನ್ನು ಬಿಟ್ಟು ಮಹಡಿಯಿಂದ ಬಗ್ಗಿ ನೋಡಿದೆ.

"ನೋಡಪ್ಪ ಮಹದೇವ, ನೀನು ಇಲ್ಲಿ ಗಾಡಿ ನಿಲ್ಸೋದು ಯಾಕೆ ಸರಿ ಅಂತ ಮೊದಲು ಹೇಳ್ತೀನಿ. ನಿನ್ನ ಮನೆ ಮುಂದೆ ಚರಂಡಿ ಕಲ್ಲು ಒಡೆದಿದೆ, ಚಕ್ರ ಇಳಿಯುತ್ತೆ. ಆ ಮೂಲೇಲಿ ನಿಲ್ಸಿದ್ರೆ ಸ್ಕೂಲ್ ವ್ಯಾನ್ ತಿರುಗೋಲ್ಲ. ನಾನೋ ಗಾಡಿ ಇಲ್ಲದೋನು, ಗೇಟು ಪೂರ್ತಿ ತೆಗೆದು ನನಗೇನಾಗ್ಬೇಕು."

ಮಹದೇವ ಬೀಡಿ ಆರಿಸಿ ಶ್ರದ್ಧೆಯಿಂದ ಕೇಳಿದ. "ಎಲ್ಲಾ ನೀವೇ ಯೋಳ್ಬುಟ್ರಲ್ಲ ಸಾ, ಇನ್ನೇನೈತೆ" ಎಂದು ಕೈಮುಗಿದು ಒಳಗೆ ಹೋದ. "ಇರಯ್ಯ, ನನ್ನದಿನ್ನೂ ಶುರುವಾಗಿಲ್ಲ" ಎಂದು ಮೇಷ್ಟ್ರು ಬೀದಿಯಲ್ಲಿ ನಿಂತೇ ಇದ್ದರು. ಟೆಂಪೋ ಮಾತ್ರ ಅಲ್ಲಿಂದ ಕದಲಲಿಲ್ಲ.

ಅವರು ಮಠದ ಸಂಸ್ಕೃತ ಪಾಠಶಾಲೆಯೊಂದರಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟು ನಿವೃತ್ತರಾಗಿದ್ದವರು. ವಾದಕ್ಕೆ ಕೂತಾಗ ಎದುರಾಳಿಯ ಮಾತನ್ನು ಮೊದಲು ಪೂರ್ತಿಯಾಗಿ ಎತ್ತಿ ಹೇಳಬೇಕು, ಅದು ಪೂರ್ವಪಕ್ಷ. ಅದಾದ ಮೇಲೆ ಅದಕ್ಕೆ ಉತ್ತರ ಕೊಟ್ಟು ತನ್ನ ಮಾತನ್ನು ನಿಲ್ಲಿಸಬೇಕು, ಅದು ಸಿದ್ಧಾಂತ. ಇದು ಅವರ ಶಾಸ್ತ್ರದ ಪದ್ಧತಿ. ಉಳಿದವರು ಅದನ್ನು ಪಾಠಶಾಲೆಯಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರೇನೋ, ಇವರು ತರಕಾರಿ ಗಾಡಿಯವರೆಗೂ ತಂದುಬಿಟ್ಟಿದ್ದರು. ಒಂದು ಕಡೆ ಕೂತು ಮಾತಾಡಿದ ಮನುಷ್ಯನಲ್ಲ. ಸಣಕಲು ಮೈ, ಮಾತು ಶುರುವಾದರೆ ಜಗಲಿಯ ಈ ತುದಿಯಿಂದ ಆ ತುದಿಗೆ ಓಡಾಟ. ಕೊಟ್ಟ ಕಾಫಿ ಪ್ರತಿಸಲವೂ ಆರಿ ತಣ್ಣಗಾಗುತ್ತಿತ್ತು. ಅದನ್ನು ಗಟಗಟ ಕುಡಿದು "ಬಿಸಿ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು ಸವಿತಾ" ಎಂದು ನನ್ನನ್ನೇ ದೂರುತ್ತಿದ್ದರು.

ನಾನು ಹದಿನಾರು ಅನ್ನುವ ಹಳ್ಳಿಯ ರೈತರ ಮನೆ ಹುಡುಗಿ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ನನ್ನ ಗಂಡ ಮಾದೇಶನಿಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ತರ್ಕಕ್ಕೂ ನಮಗೂ ಎಲ್ಲಿಂದೆಲ್ಲಿಯ ಸಂಬಂಧ. ಸಂಬಂಧ ತಂದವಳು ಮಗಳು ರಕ್ಷಿತಾ. ಮೈಸೂರಿನಲ್ಲಿ ಗಾಲಿ ಸ್ಕೇಟಿಂಗ್ ಕಲಿಯುತ್ತಿದ್ದವಳನ್ನು ಅವಳ ಕೋಚ್ ಮಂಜುಗಡ್ಡೆಯ ಮೇಲಿನ ಫಿಗರ್ ಸ್ಕೇಟಿಂಗಿಗೆ ಹಚ್ಚಿದರು. ಇಲ್ಲಿ ಗಾಲಿಯ ಮೇಲೆ ಅಭ್ಯಾಸ, ರಜೆ ಬಂತೆಂದರೆ ಉತ್ತರದ ಕಡೆಗೆ ರೈಲು, ಅಲ್ಲಿ ಐಸ್. ನಮ್ಮ ಕಡೆಯವರಿಗೆ ಇದನ್ನು ವಿವರಿಸಿ ವಿವರಿಸಿ ನನಗೆ ಸಾಕಾಗಿತ್ತು. "ಐಸ್ ಮ್ಯಾಲೆ ಕುಣಿಯಕ್ಕೆ ಅಷ್ಟು ದೂರ ಓಗ್ಬೇಕಾ" ಎಂದು ನಮ್ಮತ್ತೆ ಇವತ್ತಿಗೂ ಕೇಳುತ್ತಾರೆ.

ರಕ್ಷಿತಾ ಮೊಬೈಲಿನಲ್ಲಿ ಹೊರದೇಶದ ಸ್ಪರ್ಧೆಗಳನ್ನು ನೋಡುವಾಗ ಮೇಷ್ಟ್ರು ಬಂದು ಪಕ್ಕದಲ್ಲಿ ಇಣುಕಿದರು. ಮೊದಮೊದಲು ಮೂಗು ಮುರಿದರು. ಆದರೆ ಲಟ್ಜ್ ಅನ್ನುವ ನೆಗೆತಕ್ಕೂ ಫ್ಲಿಪ್ ಅನ್ನುವ ನೆಗೆತಕ್ಕೂ ಇರುವ ವ್ಯತ್ಯಾಸ, ಕಾಲಿನ ಬ್ಲೇಡು ಹೊರ ಅಂಚಿನ ಮೇಲಿದೆಯೋ ಒಳ ಅಂಚಿನ ಮೇಲಿದೆಯೋ ಅನ್ನುವುದಷ್ಟೇ ಎಂದು ಅವಳು ಹೇಳಿದ ದಿನ ಮನುಷ್ಯ ಕೆಟ್ಟುಹೋದರು. "ನೋಡೋಕೆ ಲಟ್ಜ್ ಥರ ಇದೆ, ಆದರೆ ಲಟ್ಜ್ ಅಲ್ಲ. ಇದು ಲಟ್ಜಾಭಾಸ" ಎಂದು ಕುಣಿದಾಡಿದರು. ಅರ್ಧಕ್ಕರ್ಧ ಸಲ ಅವರು ಹೇಳಿದ್ದು ತಪ್ಪಾಗಿರುತ್ತಿತ್ತು, ಕಣ್ಣು ಅಷ್ಟು ಚೆನ್ನಾಗಿರಲಿಲ್ಲ. ಒಮ್ಮೆ ಒಬ್ಬ ಹುಡುಗಿಯನ್ನು ಇನ್ನೊಬ್ಬಳು ಎಂದು ತಿಳಿದು ಸಂಜೆಯಿಡೀ ವಾದಿಸಿದ್ದರು.

ಆದರೆ ನೆಗೆತಕ್ಕಿಂತ ಅವರಿಗೆ ಹುಚ್ಚು ಹಿಡಿಸಿದ್ದು ತಂಡದ ಆಯ್ಕೆ. ವಿಶ್ವ ಸ್ಪರ್ಧೆಯಲ್ಲಿ ಜಪಾನಿಗೆ ಮೂರು ಸ್ಥಾನ, ಒಳ್ಳೆಯವರು ಐದು ಜನ, ಯಾರನ್ನು ಬಿಡಬೇಕು? ಹೋದ ವರ್ಷ ಪದಕ ತಂದವಳು ಈ ವರ್ಷ ಕಾಲು ಉಳುಕಿ ರಾಷ್ಟ್ರೀಯ ಸ್ಪರ್ಧೆಗೇ ಬರಲಿಲ್ಲ. ಅವಳಿಗೆ ಸ್ಥಾನ ಕಾದಿಡಬೇಕೋ ಬೇಡವೋ? ಆ ದೇಶದ ತಂಡದ ಚಿಂತೆಯಲ್ಲಿ ನಮ್ಮ ಮನೆಯ ಸಾರು ಎಷ್ಟು ಸಲ ಸೀದುಹೋಯಿತೋ. ನಾನು ಸ್ವಭಾವದಿಂದಲೇ ಹಟಮಾರಿ. ಕಾದಿಡಲೇಬೇಕು ಎಂದು ಸೌಟು ಹಿಡಿದು ಕೂಗಿದರೆ, ಮೇಷ್ಟ್ರು ಓಡಾಟ ನಿಲ್ಲಿಸಿ ಕೈ ಎತ್ತುತ್ತಿದ್ದರು.

"ಮೊದಲು ಕಾದಿಡಬಾರದು ಅನ್ನೋರ ಮಾತು ಹೇಳು. ಎದುರಿನೋನು 'ಹೌದು, ನಾನು ಹೇಳ್ಬೇಕಾಗಿದ್ದದ್ದು ಇದೇ' ಅನ್ನಬೇಕು. ಅಲ್ಲೀವರೆಗೆ ನಿನಗೆ ಬಾಯಿಲ್ಲ."

"ಅವರ ಮಾತು ನಾನ್ಯಾಕೆ ಹೇಳ್ಲಿ ಮೇಷ್ಟ್ರೇ, ಅವರಿಗೇನು ಗತಿ ಇಲ್ವಾ?"

"ಅವರು ಸರಿಯಾಗಿ ಹೇಳಲ್ಲಮ್ಮ. ಅದಕ್ಕೇ ನೀನು ಹೇಳ್ಬೇಕು."

ಮೈ ಪರಚಿಕೊಳ್ಳುವಂತಾಗುತ್ತಿತ್ತು. ಆದರೂ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಸಡಿಲವಾಗಿ ಕಾಣುತ್ತಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಮಾದೇಶ ಶಿಫ್ಟ್ ಮುಗಿಸಿ ಬಂದವನು ನಮ್ಮಿಬ್ಬರನ್ನೂ ನೋಡಿ, "ಜಪಾನ್‌ನೋರು ಉಂಡ್ರಾ ಅಂತ ಕೇಳ್ಕೊಂಡು ನಂಗೂ ಒಂದೀಟು ಬಡ್ಸು" ಎನ್ನುತ್ತಿದ್ದ.

ಹಾಗಿದ್ದ ಜಪಾನಿನ ಚಿಂತೆ ಒಂದು ದಿನ ನಮ್ಮ ಮನೆಗೇ ಬಂದು ಕೂತಿತು. ಏಷ್ಯಾ ಮಟ್ಟದ ಜೂನಿಯರ್ ಸ್ಪರ್ಧೆಗೆ ನಮ್ಮ ದೇಶದಿಂದ ಹುಡುಗಿಯರಲ್ಲಿ ಒಬ್ಬಳಿಗೆ ಮಾತ್ರ ಸ್ಥಾನವಿತ್ತು. ಆ ವರ್ಷದ ಎಲ್ಲ ಸ್ಪರ್ಧೆಗಳಲ್ಲೂ ರಕ್ಷಿತಾ ಮುಂದಿದ್ದಳು. ರಾಷ್ಟ್ರೀಯ ಸ್ಪರ್ಧೆಯ ದಿನ ಅವಳಿಗೆ ಜ್ವರ. ಬೇಡ ಅಂದರೂ ಕೇಳದೆ ಇಳಿದಳು, ಲಟ್ಜ್ ಹಾಕುವಾಗ ಬಿದ್ದಳು, ಎರಡನೆಯವಳಾದಳು. ಪುಣೆಯ ಒಬ್ಬ ಹುಡುಗಿ ಒಂದು ತಪ್ಪೂ ಮಾಡದೆ ಗೆದ್ದಳು. ಅವಳನ್ನೇ ಕಳಿಸುವುದು ಎಂದಾಯಿತು. ಮುಂದಿನ ವರ್ಷಕ್ಕೆ ರಕ್ಷಿತಾಳ ವಯಸ್ಸು ಜೂನಿಯರ್ ಮಿತಿಯನ್ನು ದಾಟುತ್ತಿತ್ತು. ಹೋದರೆ ಈಗ, ಇಲ್ಲದಿದ್ದರೆ ಇಲ್ಲ. ಆ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ, ಕಚೇರಿಯಲ್ಲಿ ಬಂದವರ ಮೇಲೆಲ್ಲ ರೇಗಿದೆ.

ನಾವು ಆಕ್ಷೇಪಣೆ ಹಾಕಿದೆವು. ಆಯ್ಕೆ ಸಮಿತಿಯವರು ಕಂಪ್ಯೂಟರಿನಲ್ಲೇ ಮುಖ ನೋಡಿ ಎರಡೂ ಕಡೆಯವರ ಮಾತು ಕೇಳುತ್ತೇವೆ, ತಲಾ ಹತ್ತು ನಿಮಿಷ, ಹಿಂದಿಯಲ್ಲಿ ಹೇಳಿ ಎಂದರು. ನನ್ನ ಹಿಂದಿ ಕೇಳಿದರೆ ಹಿಂದಿಯವರೇ ಓಡಿಹೋಗುತ್ತಾರೆ. ಮೇಷ್ಟ್ರು ಕಾಶಿಯಲ್ಲಿ ಓದಿದವರು, ನೀರು ಕುಡಿದ ಹಾಗೆ ಮಾತಾಡುತ್ತಾರೆ. ನಮ್ಮ ಪರವಾಗಿ ನೀವೇ ಕೂತ್ಕೊಳ್ಳಿ ಎಂದೆ. ಅವರು ಒಪ್ಪಿದರು. ಅಲ್ಲಿಂದ ವಾರವಿಡೀ ಅವರ ಹೆಜ್ಜೆ ಸಪ್ಪಳ ಕೆಳಗಿನಿಂದ ಕೇಳುತ್ತಲೇ ಇತ್ತು.

ಆ ದಿನ ಶಾಲು ಹೊದ್ದು ಬಂದು ಕೂತರು. ಅಪರೂಪಕ್ಕೆ ಓಡಾಡಲಿಲ್ಲ. ಮೊದಲು ಪುಣೆಯ ಹುಡುಗಿಯ ತಂದೆ ಮಾತಾಡಿದರು, ಪಾಪ, ತಡವರಿಸಿ ಏನೋ ಎರಡು ಮಾತು ಹೇಳಿ ಮುಗಿಸಿದರು. ನನಗೆ ಧೈರ್ಯ ಬಂತು. ಆಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಪುಣೆಯ ಹುಡುಗಿಯ ಹೆಸರು ಬಂತು. ಮತ್ತೆ ಬಂತು.

ಈ ಸ್ಪರ್ಧೆಯೇ ಆಯ್ಕೆಗೆ ಆಧಾರ ಎಂದು ಎಲ್ಲರಿಗೂ ಮೊದಲೇ ತಿಳಿಸಲಾಗಿತ್ತು, ಎಲ್ಲರೂ ಒಪ್ಪಿಯೇ ಇಳಿದದ್ದು ಎಂದರು. ವರ್ಷದ ಬೇರೆ ಸ್ಪರ್ಧೆಗಳಲ್ಲಿ ಕೆಲವಕ್ಕೆ ಪುಣೆಯ ಹುಡುಗಿ ಬಂದೇ ಇರಲಿಲ್ಲ, ಬಾರದವಳನ್ನು ಸೋತವಳು ಎನ್ನಲಾಗದು ಎಂದರು. ಕೊನೆಗೆ ಜ್ವರದ ಮಾತು. ಈ ಹುಡುಗಿಗೆ ಜ್ವರವಿದ್ದದ್ದು ನಿಜ, ಆದರೆ ಹೊರದೇಶದಲ್ಲಿ ಜ್ವರ ಬರುವುದಿಲ್ಲ ಎಂದು ಯಾರು ಭರವಸೆ ಕೊಡುತ್ತಾರೆ, ದೇಶಕ್ಕೆ ಬೇಕಾದವಳು ಆ ದಿನ ನಿಂತವಳು ಎಂದರು. ರಕ್ಷಿತಾ ನನ್ನ ಕಿವಿಯಲ್ಲಿ ಒಂದೊಂದನ್ನೂ ಕನ್ನಡ ಮಾಡಿ ಹೇಳುತ್ತಿದ್ದಳು. ಪರದೆಯಲ್ಲಿ ಸಮಿತಿಯವರು ತಲೆದೂಗುತ್ತಿದ್ದರು. ಪುಣೆಯ ತಂದೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಾನು ಮೇಜಿನ ಕೆಳಗಿನಿಂದ ಮೇಷ್ಟ್ರ ಶಾಲು ಜಗ್ಗಿದೆ. "ನಮ್ದು ಹೇಳಿ, ನಮ್ದು" ಎಂದು ಪಿಸುಗುಟ್ಟಿದೆ. ಅವರು ನನ್ನತ್ತ ತಿರುಗಲಿಲ್ಲ. ಆ ವೇಳೆಗೆ ಸಮಿತಿಯವರು ಸಮಯವಾಯಿತೆಂದು ನಮಸ್ಕಾರ ಹೇಳಿದರು. ಪರದೆ ಕಪ್ಪಾಯಿತು.

ನಮ್ಮ ಆಕ್ಷೇಪಣೆ ಬಿದ್ದುಹೋಯಿತು. ನಂಜನಗೂಡಿಗೆಲ್ಲ ಅದು ತಮಾಷೆಯ ಕತೆಯಾಯಿತು, ಮೇಷ್ಟ್ರು ಪೂರ್ವಪಕ್ಷದಲ್ಲೇ ಹತ್ತು ನಿಮಿಷ ಕಳೆದರಂತೆ ಎಂದು. ಮಾದೇಶನೂ ನನ್ನನ್ನೇ ಬೈದ. "ಆ ಅಯ್ನೋರು ಬಾಯ್ ಬುಟ್ರೆ ಎದುರ್ ಕಡೆ ಮಾತೇ ಬರೋದು ಅಂತ ನಿಂಗ್ ಗೊತ್ತಿರ್ಲಿಲ್ವಾ? ಟೆಂಪೋ ಇನ್ನೂ ಅಲ್ಲೇ ನಿಂತದೆ." ನಾನು ಮೇಷ್ಟ್ರಿಗೆ ಕಾಫಿ ಕೊಡುವುದನ್ನು ಬಿಟ್ಟೆ. ಮೆಟ್ಟಿಲಲ್ಲಿ ಸಿಕ್ಕರೆ ಗೋಡೆ ನೋಡಿಕೊಂಡು ಇಳಿಯುತ್ತಿದ್ದೆ. ರಕ್ಷಿತಾ ಮಾತ್ರ ಏನೂ ಆಗದವಳಂತೆ ಅವರ ಪಕ್ಕ ಕೂತು ಮೊಬೈಲ್ ನೋಡುತ್ತಿದ್ದಳು, ಅದನ್ನು ಕಂಡರೆ ಇನ್ನೂ ಹೊಟ್ಟೆ ಉರಿಯುತ್ತಿತ್ತು. ಅಷ್ಟರಲ್ಲಿ ನನಗೆ ತಿರುಮಕೂಡಲು ನರಸೀಪುರಕ್ಕೆ ವರ್ಗವಾಯಿತು. ಮನೆ ಖಾಲಿ ಮಾಡುವಾಗ ಹೋಗಿಬರುತ್ತೇನೆ ಎಂದೆ, ಅಷ್ಟೇ.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ನರಸೀಪುರದ ನಮ್ಮ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಬಸ್ಸಿನಲ್ಲಿ ಬಂದಿದ್ದರು, ಬಿಸಿಲಿಗೆ ಮುಖ ಕೆಂಪಾಗಿತ್ತು. ಇನ್ನಷ್ಟು ಇಳಿದುಹೋಗಿದ್ದರು. ಕೂರಿ ಎಂದರೆ ಕೂರಲಿಲ್ಲ, ನಮ್ಮ ಪುಟ್ಟ ಹಾಲಿನಲ್ಲೇ ಓಡಾಟ ಶುರುಮಾಡಿದರು.

"ಆವತ್ತು ನನಗೆ ಸಮಯ ಸಾಲಲಿಲ್ಲ ಅಂತ ನೀನು ತಿಳ್ಕೊಂಡಿದೀಯ ಸವಿತಾ. ಊರೂ ಹಾಗೇ ತಿಳ್ಕೊಂಡಿದೆ. ನಾನೂ ಸುಮ್ಮನಿದ್ದೆ, ಅದು ಸರಿಯಲ್ಲ."

"ಮತ್ತೇನಾಯ್ತು ಮೇಷ್ಟ್ರೇ?"

"ಉತ್ತರ ಇರಲಿಲ್ಲ ಕಣಮ್ಮ. ಮಿಕ್ಕಿದ್ದಕ್ಕೆಲ್ಲ ಇತ್ತು. ಆ ಜ್ವರದ ಮಾತಿಗೆ ವಾರವೆಲ್ಲ ಹುಡುಕಿದೆ, ಸಿಗಲಿಲ್ಲ. ಮಾತಾಡ್ತಾ ಮಾತಾಡ್ತಾ ಸಿಕ್ಕೀತು ಅಂತ ಬೆಳೆಸ್ತಾ ಹೋದೆ. ಅವರು ಸಮಯ ಆಯ್ತು ಅಂದಾಗ ನನಗೆ ಬಿಡುಗಡೆ ಆದ ಹಾಗಾಯ್ತು. ಅದು ನಿನಗೆ ಗೊತ್ತಿರಲಿ ಅಂತ ಬಂದೆ."

ನನಗೆ ಅಳು ಬಂತು, ಸಿಟ್ಟೂ ಬಂತು. "ಏನೋ ಒಂದು ಹೇಳ್ಬಹುದಾಗಿತ್ತಲ್ಲ. ನಿಮ್ಮ ಕೈಯಲ್ಲಿ ಬೆಳೆದ ಹುಡುಗಿ ಅವಳು. ಅವಳಿಗೋಸ್ಕರ ಒಂದು ಸಡಿಲು ಮಾತು ಆಡಿದ್ರೆ ಏನಾಗ್ತಿತ್ತು?"

"ಆಡಬಹುದಾಗಿತ್ತು. ಬಾಯಿಗೆ ಬರಲಿಲ್ಲ" ಎಂದರು. ಆಮೇಲೆ ಮೆಲ್ಲಗೆ, "ಉತ್ತರ ಇಲ್ಲ ಅಂತ ಅಲ್ಲ, ನನಗೆ ಕಾಣಿಸ್ತಿಲ್ಲ. ನಿನಗೆ ಕಂಡ್ರೆ ಹೇಳು. ನನಗೂ ನಿದ್ದೆ ಇಲ್ಲ."

ಕಾಫಿ ಕೊಟ್ಟೆ. ಅವತ್ತು ಮಾತ್ರ ಬಿಸಿಯಾಗಿರುವಾಗಲೇ ಕುಡಿದರು. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು ಬಂದೆ. ಕೋಪ ಹೋಗಿರಲಿಲ್ಲ. ಅದೇ ಕೊನೆ. ಮಳೆಗಾಲ ಮುಗಿಯುವ ಮುಂಚೆ ಮೇಷ್ಟ್ರು ಹೋದರು, ನಾಲ್ಕು ದಿನದ ಕಾಯಿಲೆ. ಸುದ್ದಿ ಕೇಳಿ ಹೋದಾಗ ಗೇಟಿಗೆ ಅಡ್ಡವಾಗಿ ಟೆಂಪೋ ಇರಲಿಲ್ಲ, ಮಹದೇವ ಅದನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿ ಬಂದು ಜನಕ್ಕೆ ಕುರ್ಚಿ ಹಾಕುತ್ತಿದ್ದ.

ಮೊನ್ನೆ ಮಾದೇಶನಿಗೆ ಜ್ವರ ಬಂತು. ಗಂಡಸರ ಜ್ವರ ಕೇಳಬೇಕೆ, ಮನೆಯೆಲ್ಲ ನರಳಾಟ. ಇಷ್ಟಕ್ಕೆಲ್ಲ ಮಲಗಿಬಿಟ್ಟರೆ ಹೇಗೆ ಎಂದು ಗಂಜಿ ಕೊಡುತ್ತ ಹಂಗಿಸಿದೆ. ಅವನು ಕಂಬಳಿಯೊಳಗಿನಿಂದಲೇ, "ನಿಂಗ್ ಜರ ಇಲ್ಲ, ಅದ್ಕೆ ನಿಂತಿದೀಯ. ಬರ್ಲಿ ತಡಿ, ಆಗ ನೋಡ್ಮ ಎಷ್ಟ್ ನಿಂತ್ಕತೀಯ ಅಂತ" ಎಂದ.

ಗಂಜಿ ಬಟ್ಟಲು ಹಿಡಿದು ನಿಂತೇಬಿಟ್ಟೆ. ಇದೇ ಅಲ್ಲವೇ ಉತ್ತರ. ಪುಣೆಯ ಹುಡುಗಿ ನಿಂತದ್ದು ಜ್ವರವಿಲ್ಲದೆ. ಜ್ವರ ಬಂದರೆ ಅವಳು ನಿಲ್ಲುತ್ತಾಳೆ ಅನ್ನುವುದನ್ನು ಆ ದಿನ ಯಾರೂ ನೋಡಿಲ್ಲ. ಜ್ವರ ಯಾರಿಗೂ ಯಾವ ದಿನವೂ ಬರಬಹುದು ಅನ್ನುವುದಾದರೆ ಒಂದೇ ದಿನವನ್ನು ನೋಡಿ ಯಾರನ್ನೂ ಅಳೆಯಬಾರದು, ವರ್ಷವನ್ನೇ ನೋಡಬೇಕು. ಆ ಮಾತು ಪುಣೆಯವಳ ಪರವಾಗಿರಲೇ ಇಲ್ಲ, ನಮ್ಮ ಪರವಾಗಿತ್ತು.

ರಕ್ಷಿತಾ ಈಗ ಮೈಸೂರಿನಲ್ಲಿ ಓದುತ್ತ ಚಿಕ್ಕ ಮಕ್ಕಳಿಗೆ ಸ್ಕೇಟಿಂಗ್ ಹೇಳಿಕೊಡುತ್ತಾಳೆ. ಒಂದೇ ಉಸಿರಿಗೆ ಫೋನಿನಲ್ಲಿ ಅವಳಿಗೆ ಎಲ್ಲ ಹೇಳಿದೆ.

"ಚೆನ್ನಾಗಿದೆ ಅಮ್ಮ. ಆದ್ರೆ ಮೇಷ್ಟ್ರು ತಾತ ಇದ್ದಿದ್ರೆ ಇದನ್ನೂ ಸುಲಭಕ್ಕೆ ಬಿಡ್ತಿರ್ಲಿಲ್ಲ."

ಬಿಡುತ್ತಿರಲಿಲ್ಲ. ಅದೇ ನನಗೆ ಈಗ ಬೇಕಾಗಿರುವುದು. ಈ ವಾದ ಗೆದ್ದು ನನಗೆ ಆಗಬೇಕಾದದ್ದು ಏನೂ ಇಲ್ಲ, ಪುಣೆಯ ಹುಡುಗಿ ಹೋಗಿ ಬಂದು ಎಷ್ಟೋ ಕಾಲವಾಯಿತು. ಯಾರಾದರೂ ಎದುರಿಗೆ ನಿಂತು ಇದನ್ನು ಮುರಿಯಬೇಕು. ಕಚೇರಿಯಲ್ಲಿ, ಬಸ್ಸಿನಲ್ಲಿ, ಒಲೆಯ ಮುಂದೆ, ನಾನೇ ಮೇಷ್ಟ್ರ ಪರವಾಗಿ ನಿಂತು ಮುರಿಯಲು ನೋಡುತ್ತೇನೆ. ಆಗುತ್ತಿಲ್ಲ.