ಗೇಟು ದಾಟಿದ ವಾಲ್ವ್

ಪರದೆಯ ಮೇಲೆ ಹಡಗಿನ ವಾಲ್ವ್ ನಮ್ಮ ಗೋದಾಮಿನ ಗೇಟು ದಾಟಿ ಹೊರಗೆ ನಡೆಯಿತು. ನಾಲ್ಕು ಜನ ಸೇರಿ ಎತ್ತುವಷ್ಟು ಭಾರದ ಕಬ್ಬಿಣ ಅದು.

ಮಂಗಳೂರು ಕಡೆಯ ಹಡಗು ಕಟ್ಟುವ ಯಾರ್ಡಿನ ಮೇಡಂ ಪಕ್ಕದಲ್ಲೇ ಇದ್ದರು. ಅವರ ಗೋದಾಮಿನ ಸಾಮಾನು ಎಲ್ಲಿದೆ ಎಂದು ಪರದೆಯಲ್ಲಿ ತೋರಿಸಲು ನಮ್ಮ ಟ್ಯಾಗ್ ಆದೀತೇ ಎಂದು ನೋಡಲು ಪೀಣ್ಯಕ್ಕೆ ಬಂದಿದ್ದರು. ಪರೀಕ್ಷೆಗೆಂದು ಆ ವಾಲ್ವಿಗೆ ಒಂದು ಟ್ಯಾಗ್ ಕಟ್ಟಿದ್ದೆವು. ಅವರು ಬೇಡ ಎಂದರೆ ನಮ್ಮ ಸಣ್ಣ ಕಂಪನಿಗೆ ಬೀಗ.

"ಎಂತ ಮಾರಾಯ್ರೆ, ನಿಮ್ಮ ವಾಲ್ವ್ ವಾಕಿಂಗ್ ಹೋಗ್ತದಾ?"

"ನೋಡೋಣ ಬನ್ನಿ" ಎಂದೆ.

ಟ್ಯಾಬ್ ಹಿಡಿದು ಇಬ್ಬರೂ ಓಡಿದೆವು. ಪರದೆಯ ಚುಕ್ಕೆ ಟೀ ಅಂಗಡಿಯ ಹತ್ತಿರ ನಿಂತಿತು. ಎದುರಿಗೆ ಒಂದು ಹಸು. ಕೊರಳಲ್ಲಿ ಬಾಡಿದ ಚೆಂಡುಹೂವಿನ ಹಾರ, ಹಾರದಲ್ಲಿ ನಮ್ಮ ಟ್ಯಾಗ್.

ಆಯುಧಪೂಜೆಗೆ ನಮ್ಮವರು ವಾಲ್ವಿಗೂ ಹಾರ ಹಾಕಿದ್ದರು, ಟ್ಯಾಗಿನ ದಾರಕ್ಕೇ ಗಂಟು ಬಿಗಿದು. ರಜೆ ಮುಗಿದ ಮೇಲೆ ಅದನ್ನು ತೆಗೆದದ್ದು ಕಸ ಗುಡಿಸುವ ರೇಣುಕಮ್ಮ. ಅವರೂ ನಮ್ಮ ಹಿಂದೆ ಓಡಿ ಬಂದಿದ್ದರು.

"ಪೂಜಿ ಹೂವು ಕಸದಾಗ ಒಗೀತಾರೇನ್ರಿ ಸಾರ್? ಆಕಳಿಗೆ ಹಾಕೀನಿ. ತಪ್ಪೇನ್ರಿ?"

"ತಪ್ಪಿಲ್ಲಮ್ಮ."

ಮೇಡಂ ಟೀ ಅಂಗಡಿಯ ಬೆಂಚಿನ ಮೇಲೆ ಕುಸಿದು ಕುಳಿತು ನಕ್ಕರು. ನಾನು ನಗುವವನಲ್ಲ. ಅವತ್ತು ಹಲ್ಲುಸೆಟ್ಟು ಕೈಯಲ್ಲಿ ಹಿಡಿದುಕೊಂಡು ನಕ್ಕೆ.

"ನಮ್ಮಲ್ಲಿ ಬಿದ್ದಲ್ಲೇ ಬಿದ್ದ ಪೈಪು ಸಿಗುದಿಲ್ಲ. ನೀವು ನಡೆಯುವ ದನವನ್ನೇ ಹಿಡಿದ್ರಲ್ಲ!" ಎಂದು ಕಣ್ಣೊರೆಸಿಕೊಂಡರು.

ಹಾರ ಬಿಚ್ಚಲು ಹೋದೆ. ಹಸು ಕೊಂಬು ತೋರಿಸಿತು. ಬಿಟ್ಟುಬಿಟ್ಟೆ.

ಆರ್ಡರ್ ಅವತ್ತೇ ಸಿಕ್ಕಿತು. ಟ್ಯಾಗ್ ಸಿಗಲು ಸಂಜೆಯಾಯಿತು.